ಕಾಂಟೆಸಾದ ಎರಡನೇ ಎಂಜಿನ್

ಏರು ಕಂಡರೆ ಪೂವಪ್ಪನ ಕಾಂಟೆಸಾ ಕಾರಿಗೆ ಉಬ್ಬಸ ಬರುತ್ತಿತ್ತು. ೧೯೮೭ರ ಗಾಡಿ. ಉದ್ದನೆಯ ಮೂತಿ, ಅಗಲ ಬೆನ್ನು, ಕಪ್ಪು ಬಣ್ಣ. ಅದು ನಿಂತಲ್ಲೆಲ್ಲ ಕಾಲೇಜು ಹುಡುಗರು ಪಕ್ಕದಲ್ಲಿ ನಿಂತು ಫೋಟೊ ತೆಗೆದುಕೊಂಡು, "ಇಂಡಿಯಾದ ಮಸಲ್ ಕಾರ್ ಅಂಕಲ್ ಇದು" ಎನ್ನುತ್ತಿದ್ದರು. ಬಾನೆಟ್ ಎತ್ತಿದರೆ ಒಳಗಿದ್ದದ್ದು ಒಂದೂವರೆ ಲೀಟರಿನ ಸಣ್ಣ ಎಂಜಿನ್. ಕಸಾರಾ ಘಾಟಿಯಲ್ಲಿ ತರಕಾರಿ ಲಾರಿಗಳು ಕೂಡ ಹಾರ್ನ್ ಹೊಡೆದು ಅದನ್ನು ಹಿಂದೆ ಹಾಕುತ್ತಿದ್ದವು.

"ಆನಿ ಮೈಯಾಗ ಆಡಿನ ಎದಿ ಇಟ್ಟಾರ್ರಿ," ಎಂದು ಚಂದ್ರಾಮ ನಗುತ್ತಿದ್ದ.

ಚಂದ್ರಾಮ ಮುಲುಂಡಿನ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್. ಇಂಡಿ ತಾಲ್ಲೂಕಿನಿಂದ ಮುಂಬೈಗೆ ಬಂದು ಮೂವತ್ತಾರು ವರ್ಷ ಕಳೆದಿತ್ತು. ಪೂವಪ್ಪ ಕಾರ್ಕಳದ ಕಡೆಯವನು. ಮುಲುಂಡ್ ಸ್ಟೇಷನ್ನಿನಿಂದ ಐದು ನಿಮಿಷದ ದೂರದಲ್ಲಿ ಅವನ ಹೋಟೆಲ್. ಚಂದ್ರಾಮ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ಚಹಾ ಕುಡಿಯುತ್ತಿದ್ದ. ಮೊದಲ ಆರು ತಿಂಗಳು ಇಬ್ಬರೂ ಹಿಂದಿಯಲ್ಲೇ ಮಾತಾಡಿದ್ದರು. ಒಂದು ದಿನ ಬಿಸಿ ಚಹಾ ಕೈ ಮೇಲೆ ಚೆಲ್ಲಿ ಚಂದ್ರಾಮ "ಯವ್ವಾ!" ಎಂದಾಗ ಹಣದ ಗಲ್ಲೆಯ ಮೇಲಿದ್ದ ಪೂವಪ್ಪ ತಲೆಯೆತ್ತಿ, "ಅರೆ, ನೀನು ನಮ್ಮವನಾ ಮಾರಾಯ!" ಎಂದಿದ್ದ. ಅದಾಗಿ ಇಪ್ಪತ್ತೆರಡು ವರ್ಷ.

ಆ ಇಪ್ಪತ್ತೆರಡು ವರ್ಷಗಳಲ್ಲಿ ಬಹಳ ನಡೆದಿತ್ತು. ಪೂವಪ್ಪನಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ಹಾಕಿದವನು ಚಂದ್ರಾಮ. ಪೂವಪ್ಪನ ಹೆಂಡತಿ ಊರಿಂದ ಬರುವವರೆಗೆ ಎರಡು ದಿನ ಬೆಂಚಿನ ಮೇಲೆ ಕೂತವನೂ ಅವನೇ. ಚಂದ್ರಾಮನ ಮಗಳು ಭುವನೇಶ್ವರಿಯ ಮದುವೆಗೆ ಪೂವಪ್ಪ ಇಂಡಿಯವರೆಗೆ ಹೋಗಿದ್ದ. ಪಂಕ್ತಿಯಲ್ಲಿ ಕೂತು ಜೋಳದ ರೊಟ್ಟಿ ಮುರಿಯಲು ಬಾರದೆ ನೆಂಟರನ್ನೆಲ್ಲ ನಗಿಸಿದ್ದ. ಶೇಠ್ ಎನ್ನುತ್ತಿದ್ದ ಚಂದ್ರಾಮ ಆ ಮದುವೆಯ ನಂತರ ಅಣ್ಣಾ ಎನ್ನತೊಡಗಿದ.

ಕಾಂಟೆಸಾಕ್ಕೆ ದೊಡ್ಡ ಎಂಜಿನ್ ಹಾಕುವ ಆಸೆ ಇಬ್ಬರದೂ. ಅದೇ ಕಾರಿನ ಮುಂದಿನ ಮಾದರಿಗೆ ಬಂದ ಒಂದು ಸಾವಿರದ ಎಂಟುನೂರು ಸಿಸಿಯ ಎಂಜಿನ್ ಸಿಕ್ಕರೆ ಕೂರಿಸಬಹುದು ಎಂದು ಚಂದ್ರಾಮ ವರ್ಷಗಳಿಂದ ಹೇಳುತ್ತಿದ್ದ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಪೂವಪ್ಪ ಫೋನ್ ಮಾಡಿ, "ಸೊಸೈಟಿಗೆ ಬಾ, ಒಂದು ವಸ್ತು ತೋರಿಸ್ತೇನೆ," ಎಂದ. ಚಂದ್ರಾಮ ಹೋದಾಗ ಪೂವಪ್ಪನ ಬಿಲ್ಡಿಂಗಿನ ಅಂಗಳದಲ್ಲಿ ಟೆಂಪೋದಿಂದ ಗೋಣಿಚೀಲ ಸುತ್ತಿದ ಎಂಜಿನ್ ಇಳಿಯುತ್ತಿತ್ತು, ಐದು ಗೇರಿನ ಗೇರ್‌ಬಾಕ್ಸ್ ಸಮೇತ.

"ಎಲ್ಲಿ ಸಿಕ್ಕತ್ರಿ ಅಣ್ಣಾ?"

"ಕುರ್ಲಾದ ಗುಜರಿಯಲ್ಲಿ. ನಾನೇ ಹೋಗಿ ಹುಡುಕಿದ್ದು. ನಾಲ್ಕು ಸಲ ಹೋಗಿದ್ದೆ, ನಿನಗೆ ಹೇಳಿರಲಿಲ್ಲ."

ಚಂದ್ರಾಮ ಗೋಣಿ ಸರಿಸಿ ಎಂಜಿನ್ನಿನ ಮೈ ಮೇಲಿದ್ದ ನಂಬರಿನ ಧೂಳು ಒರೆಸಿದ. "ಬಿಲ್ ಕೊಟ್ಟಾನೇನ್ರಿ?"

"ಕೊಡ್ತಾನೆ. ಗುರ್ತದವನೇ."

"ಆರ್‌ಟಿಓದಾಗ ಕೇಳ್ತಾರ್ರಿ. ಎಂಜಿನ್ ಬದಲಿ ಮಾಡಿದ್ರ ಪುಸ್ತಕದಾಗ ಬರಿಸಬೇಕು."

"ಕೇಳಿದಾಗ ನೋಡುವ. ನೀನು ಎಂಜಿನ್ ನೋಡು ಮಾರಾಯ."

ಚಂದ್ರಾಮ ಎಂಜಿನ್ ನೋಡಿದ. ಕೈಯಿಂದ ತಿರುಗಿಸಿದರೆ ನಾಲ್ಕೂ ಪಿಸ್ಟನ್ ಅಡೆತಡೆಯಿಲ್ಲದೆ ಆಡಿದವು. ಅಷ್ಟು ಸಾಕಾಯಿತು, ಬಿಲ್ಲಿನ ಮಾತು ಮತ್ತೆ ಅವನ ತಲೆಗೆ ಬರಲಿಲ್ಲ. ಮುಂದೆ ಅದನ್ನು ನೆನೆದು ಅವನು ತನ್ನನ್ನೂ ಬೈದುಕೊಂಡದ್ದುಂಟು.

ಹನ್ನೊಂದು ತಿಂಗಳ ಭಾನುವಾರಗಳು ಆ ಕಾರಿಗೇ ಹೋದವು. ಪೂವಪ್ಪನ ಬಿಲ್ಡಿಂಗಿನ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ಕಾರು ನಿಲ್ಲಿಸಿ, ಮೂರು ಕಬ್ಬಿಣದ ಪೈಪು ನೆಟ್ಟು ಚೈನ್ ಪುಲ್ಲಿ ಕಟ್ಟಿದರು. ಹಳೆಯ ಎಂಜಿನ್ ಅರ್ಧ ದಿನದಲ್ಲಿ ಮೇಲೆದ್ದಿತು. ಹೊಸದು ಮಾತ್ರ ಒಳಗೆ ಕೂರಲೊಲ್ಲದು. ಆಯಿಲ್ ಚೇಂಬರ್ ಕೆಳಗಿನ ಅಡ್ಡಪಟ್ಟಿಗೆ ತಾಗುತ್ತಿತ್ತು. ಪಟ್ಟಿಯನ್ನು ಕತ್ತರಿಸಿ, ಬಾಗಿಸಿ, ವೆಲ್ಡ್ ಮಾಡಿದರು. ಗೇರ್‌ಬಾಕ್ಸ್ ಉದ್ದವಾಗಿದ್ದರಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಲೇತ್‌ಗೆ ಒಯ್ದು ನಾಲ್ಕು ಇಂಚು ಕಡಿಸಿದರು. ಮೊದಲ ಸಲ ಅಳತೆ ತಪ್ಪಿ ಮತ್ತೊಂದು ಶಾಫ್ಟ್ ಹುಡುಕಬೇಕಾಯಿತು. ಚಂದ್ರಾಮ ಕಾರಿನಡಿ ಮಲಗಿದರೆ ಪೂವಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿಯುತ್ತಿದ್ದ. ಬೋಲ್ಟ್ ತಿರುಗಿಸುವ ಹದಿನಾಲ್ಕರ ಪಾನಾ ಯಾವುದು, ಹದಿನೇಳರದು ಯಾವುದು ಎಂದು ಅರವತ್ತೊಂದನೆಯ ವಯಸ್ಸಿನಲ್ಲಿ ಕಲಿತ. ಸದ್ದು ಜಾಸ್ತಿ ಎಂದು ದೂರಿದ ಸೊಸೈಟಿಯವರಿಗೆ ಹೋಟೆಲಿನಿಂದ ಬನ್ಸ್ ತರಿಸಿ ಬಾಯಿ ಮುಚ್ಚಿಸಿದ. ಮಧ್ಯಾಹ್ನ ಚಂದ್ರಾಮನ ಹೆಂಡತಿ ಗುರುಬಾಯಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದರು. ಕೂಲಿಯ ಮಾತು ಒಮ್ಮೆಯೂ ಬರಲಿಲ್ಲ; ಬಂದಿದ್ದರೆ ಚಂದ್ರಾಮ ನೊಂದುಕೊಳ್ಳುತ್ತಿದ್ದ.

ಎಂಜಿನ್ ಮೊದಲ ಸಲ ಹತ್ತಿದ ದಿನ ಮೂರನೇ ಮಹಡಿಯವರೆಗೂ ಕಿಟಕಿಗಳು ತೆರೆದವು. ಆಳವಾದ, ಗಂಟಲೊಳಗಿನ ಸದ್ದು. ಪೂವಪ್ಪ ಎಣ್ಣೆಗೈಯಲ್ಲೇ ಚಂದ್ರಾಮನನ್ನು ತಬ್ಬಿಕೊಂಡ. ಮುಂದಿನ ಭಾನುವಾರ ಬೆಳಿಗ್ಗೆ ಘೋಡಬಂದರ್ ರಸ್ತೆಗೆ ಹೋದರು. ಗಾಯಮುಖದ ಏರಿನ ಬುಡದಲ್ಲಿ ಪೂವಪ್ಪ ಕಾರು ನಿಲ್ಲಿಸಿ ಕೆಳಗಿಳಿದ.

"ನೀನು ಬಿಡು. ಇದು ನೀನು ಹುಟ್ಟಿಸಿದ ಗಾಡಿ."

ಚಂದ್ರಾಮ ಮೂರನೇ ಗೇರಿನಲ್ಲೇ ಏರು ಹತ್ತಿಸಿದ. ಎರಡು ಕಂಟೇನರ್ ಲಾರಿಗಳನ್ನು ದಾಟಿ ಹೋದಾಗ ಪೂವಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ಮಕ್ಕಳ ಹಾಗೆ ಕೂಗಿದ. ಚಂದ್ರಾಮನಿಗೆ ಕಣ್ಣು ಮಂಜಾಯಿತು. ಇಷ್ಟು ವರ್ಷ ಪರರ ಗಾಡಿ ರಿಪೇರಿ ಮಾಡಿದವನಿಗೆ ಒಂದು ಗಾಡಿ ತನ್ನದೆನಿಸಿದ್ದು ಅದೇ ಮೊದಲು.

ಎರಡು ವಾರದ ನಂತರ ಪೂವಪ್ಪ ಹೊಸ ಎಂಜಿನ್ ನಂಬರನ್ನು ಕಾಗದದಲ್ಲಿ ಸೇರಿಸಲು ಏಜೆಂಟನ ಜೊತೆ ಆರ್‌ಟಿಓಗೆ ಹೋದ. ಮರುದಿನ ಬೆಳಿಗ್ಗೆ ಗಲ್ಲೆಯ ಮೇಲೆ ಅವನ ಬದಲು ಬೇರೆ ಯಾರೋ ಕೂತಿದ್ದರು. ಶೇಠ್‌ಗೆ ಹುಷಾರಿಲ್ಲ ಎಂದರು. ಚಂದ್ರಾಮ ಫೋನ್ ಮಾಡಿದ, ಪೂವಪ್ಪ ಎತ್ತಲಿಲ್ಲ. ಅದರ ಮರುದಿನ ಹನ್ನೊಂದು ಗಂಟೆಗೆ ಒಬ್ಬ ಪೊಲೀಸ್ ಪೇದೆ ಗ್ಯಾರೇಜಿಗೆ ಬಂದು, "ಕಾಂಟೆಸಾ ಕೆಲಸ ಮಾಡಿದ ಮೆಕ್ಯಾನಿಕ್ ಯಾರು?" ಎಂದು ಕೇಳಿದ.

ಚಂದ್ರಾಮ ಒಂದು ಬಗೆಯ ಹೆಮ್ಮೆಯಿಂದಲೇ ಕೈ ಒರೆಸುತ್ತ ಮುಂದೆ ಬಂದ.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ವೈಶಾಲಿ ಮೇಡಂ ಅವನನ್ನು ಕೂರಿಸಿ ವಿಷಯ ತಿಳಿಸಿದರು. ಆ ನಂಬರಿನ ಎಂಜಿನ್ ಇದ್ದ ಕಾರು ವರ್ಷಗಳ ಹಿಂದೆ ನಾಸಿಕದಲ್ಲಿ ಕಳವಾಗಿತ್ತು. ಅದರ ದೂರು ಇನ್ನೂ ಹಾಗೇ ಇತ್ತು. ಆರ್‌ಟಿಓದಲ್ಲಿ ನಂಬರ್ ಹಾಕಿದ ಕೂಡಲೇ ಅದು ಮೇಲೆ ಬಂದಿತ್ತು. ಕಾಂಟೆಸಾ ಈಗ ಪೊಲೀಸರ ವಶದಲ್ಲಿ.

"ಕಾರಿನ ಮಾಲೀಕ ನಿನ್ನೆ ಜಬಾಬ್ ಕೊಟ್ಟಿದ್ದಾನೆ," ಎಂದು ಮೇಡಂ ಮರಾಠಿಯಲ್ಲಿ ಹೇಳಿ, ಆ ಹೇಳಿಕೆಯ ಕಾಗದ ಎತ್ತಿ ಓದಿದರು. ಮೂವತ್ತಾರು ವರ್ಷ ಕೇಳಿದ ಮರಾಠಿ. ಚಂದ್ರಾಮನಿಗೆ ಒಂದೊಂದು ಶಬ್ದವೂ ಅರ್ಥವಾಯಿತು. 'ನಾನು ಹೋಟೆಲ್ ವ್ಯವಹಾರದವನು. ಗಾಡಿಯ ವಿಷಯ ನನಗೆ ತಿಳಿಯುವುದಿಲ್ಲ. ಚಂದ್ರಕಾಂತ ಎಂಬ ಒಬ್ಬ ಮೆಕ್ಯಾನಿಕ್‌ಗೆ ಕಾಂಟ್ರಾಕ್ಟ್ ಕೊಟ್ಟಿದ್ದೆ. ಅವನ ಪೂರ್ತಿ ಹೆಸರು, ವಿಳಾಸ ಗೊತ್ತಿಲ್ಲ. ಮುಲುಂಡಿನ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಎಂಜಿನ್ ತಂದವನು ಅವನೇ. ಎಲ್ಲಿಂದ ತಂದನೋ ನನಗೆ ಗೊತ್ತಿಲ್ಲ.'

ಚಂದ್ರಾಮ ಕೇಳಿದ: "ಯಾರು ಮೇಡಂ, ಈ ಚಂದ್ರಕಾಂತ?"

"ನೀನು."

"ನಾನು ಚಂದ್ರಾಮ."

"ಅದೇ. ನೀನೇ ತಾನೆ ಎಂಜಿನ್ ಹಾಕಿದ್ದು?"

"ಹಾಕಿದವನು ನಾನೇ," ಎಂದು ಚಂದ್ರಾಮ ನಿಲ್ಲಿಸಿದ. ತಂದವರು ಅವರು ಎನ್ನುವ ಮಾತು ಬಾಯಿಗೆ ಬಂದು ಹಿಂದೆ ಹೋಯಿತು. ಎಲ್ಲೋ ತಪ್ಪಾಗಿದೆ, ಬರೆದುಕೊಂಡವರಿಗೆ ಸರಿಯಾಗಿ ಕೇಳಿಸಿಲ್ಲ, ಅಣ್ಣ ಹಾಗೆ ಹೇಳುವವನಲ್ಲ ಎಂದು ಅವನ ಮನಸ್ಸು ಹಟ ಹಿಡಿಯಿತು. ಒಂದು ದಿನ ಸಮಯ ಕೊಡಿ ಎಂದ. ಮೇಡಂ ಅವನನ್ನು ಮಧ್ಯಾಹ್ನ ನಾಲ್ಕರವರೆಗೆ ಬೆಂಚಿನ ಮೇಲೆ ಕೂರಿಸಿ, ವಿಳಾಸ ಬರೆಸಿಕೊಂಡು, ನಾಳೆ ಬೆಳಿಗ್ಗೆ ಬಾ, ಊರು ಬಿಟ್ಟರೆ ನೋಡು ಎಂದು ಕಳಿಸಿದರು.

ಅವನು ನೇರ ಪೂವಪ್ಪನ ಮನೆಗೆ ಹೋದ. ಬಾಗಿಲು ತೆರೆದ ಪೂವಪ್ಪ ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಮೊದಲು ಮೆಟ್ಟಿಲ ಕಡೆ ನೋಡಿದ. ಒಳಗೆ ಕರೆದು ಬಾಗಿಲು ಹಾಕಿದ. ಎರಡು ದಿನದ ಗಡ್ಡ ಬಿಟ್ಟರೆ ಅವನಿಗೆ ಹುಷಾರಿಲ್ಲದ ಲಕ್ಷಣ ಕಾಣಲಿಲ್ಲ.

"ಹೇಳಿದ್ರಾ ನಿನಗೆ?" ಎಂದ.

"ಹೇಳಿದ್ರು. ಏನೋ ತಪ್ಪ ಬರಕೊಂಡಾರ್ರಿ ಅಣ್ಣಾ. ಎಂಜಿನ್ ನಾ ತಂದೀನಿ ಅಂತ ಐತಿ ಅದರಾಗ."

ಪೂವಪ್ಪ ಕುರ್ಚಿಯ ಕೈ ಹಿಡಿದು ಕೂತ. "ತಪ್ಪು ಬರೆದದ್ದಲ್ಲ. ಕೂತ್ಕೋ, ಹೇಳ್ತೇನೆ."

ಚಂದ್ರಾಮ ಕೂರಲಿಲ್ಲ.

"ಲಾಯರು ಹೇಳಿದ್ದು ಹಾಗೆ. ಮಾಲೀಕ ತಂದದ್ದು ಅಂತ ಆದರೆ ಕಳ್ಳಮಾಲು ಖರೀದಿ ಮಾಡಿದ ಕೇಸು ಆಗ್ತದೆ. ಮೆಕ್ಯಾನಿಕ್ ತಂದದ್ದು ಅಂದ್ರೆ, ಗುಜರಿಯಿಂದ ಗೊತ್ತಿಲ್ಲದೆ ತಂದ ಅಂತ ಆಗ್ತದೆ. ನೀನು ಹೌದು ಅಂದ್ರೆ ಮುಗೀತು. ಜಾಮೀನು, ಕೋರ್ಟು ಎಲ್ಲ ನಾನು ನೋಡ್ಕೊಳ್ತೇನೆ."

"ನಾ ತಂದಿಲ್ಲಲ್ರಿ."

"ಗೊತ್ತುಂಟು ಮಾರಾಯ. ಆದ್ರೆ ನನಗೆ ಹೋಟೆಲ್ ಲೈಸೆನ್ಸ್ ರಿನ್ಯೂವಲ್ ಉಂಟು. ಮಗಳು ಜ್ಯೋತ್ಸ್ನಾಳಿಗೆ ಸಂಬಂಧ ನೋಡ್ತಾ ಇದ್ದೇವೆ. ಸೊಸೈಟಿಯಲ್ಲಿ ನಾನು ಸೆಕ್ರೆಟರಿ. ಪೊಲೀಸು ಕೇಸು ಅಂದ್ರೆ ಎಲ್ಲ ಹೋಗ್ತದೆ." ಸ್ವಲ್ಪ ತಡೆದು, ಸಮಾಧಾನ ಹೇಳುವ ದನಿಯಲ್ಲಿ ಸೇರಿಸಿದ: "ನಿನಗೆ ಹಾಗೆ ಹೋಗ್ಲಿಕ್ಕೆ ಎಂಥ ಉಂಟು ಹೇಳು?"

ಒಳಕೋಣೆಯಲ್ಲಿ ಟಿವಿಯ ಸದ್ದನ್ನು ಯಾರೋ ತಗ್ಗಿಸಿದರು. ಚಂದ್ರಾಮ ಕೇಳಿದ್ದು ಒಂದೇ: "ಹೆಸರ ಯಾಕ ತಪ್ಪ ಬರಿಸೀರಿ?"

"ಅದು... ಜಾಸ್ತಿ ಗುರ್ತ ಉಂಟು ಅಂತ ಕಾಣಬಾರದು ಅಂತ ಲಾಯರು..." ಪೂವಪ್ಪ ಮಾತು ಮುಗಿಸಲಿಲ್ಲ. ಚಂದ್ರಾಮ ಚಪ್ಪಲಿ ಮೆಟ್ಟಿ ಹೊರಟಿದ್ದ.

ಭಾಂಡುಪದ ಗುಡ್ಡದ ಮೇಲಿನ ಚಾಳಿನ ತಮ್ಮ ಮನೆಯಲ್ಲಿ ಗುರುಬಾಯಿ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಊರ ಕಡೆಯ ಕಟ್ಟಡ ಕೂಲಿಗಳಿಗೆ ದಿನಾ ನೂರು ರೊಟ್ಟಿ ಮಾಡಿಕೊಡುವುದು ಅವಳ ಕೆಲಸ. ಗಂಡ ಹೇಳಿದ್ದನ್ನೆಲ್ಲ ಕೇಳುವಾಗಲೂ ಅವಳ ಕೈ ನಿಲ್ಲಲಿಲ್ಲ. ಕೊನೆಗೆ ಕೇಳಿದಳು:

"ನಾಳೆ ಏನ ಹೇಳಾವ್ರು ನೀವು?"

"ತಿಳೀವಲ್ದು."

"ತಿಳೀಲಾಕ ಏನೈತಿ? ತಂದವರು ಯಾರು?"

"ಅವರ."

"ಮತ್ತ? ಅಷ್ಟ ಹೇಳ್ರಿ. ಒಂದ ಮಾತ ಹೆಚ್ಚ ಬ್ಯಾಡ, ಒಂದ ಮಾತ ಕಡಿಮಿ ಬ್ಯಾಡ."

ಮರುದಿನ ಚಂದ್ರಾಮ ಠಾಣೆಯಲ್ಲಿ ಅಷ್ಟನ್ನೇ ಹೇಳಿದ. ಎಂಜಿನ್ ಟೆಂಪೋದಲ್ಲಿ ಬಂದದ್ದು, ಬಿಲ್ ಕೇಳಿದ್ದು, ಪೂವಪ್ಪ ಕೊಟ್ಟ ಉತ್ತರ. ಹೇಳುವಾಗ ತಾನೇ ಯಾರಿಗೋ ಮೋಸ ಮಾಡುತ್ತಿದ್ದೇನೆ ಅನ್ನಿಸಿತು. ಅದೇ ಅವನಿಗೆ ವಿಚಿತ್ರವಾಗಿ ಕಂಡದ್ದು. ಮೇಡಂ ಎಲ್ಲ ಬರೆದುಕೊಂಡು, "ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ. ನೋಡೋಣ," ಎಂದರು. ಗ್ಯಾರೇಜಿಗೆ ಹಿಂದಿರುಗಿದರೆ ಮಾಲೀಕ ಗೇಟಿನಲ್ಲೇ ತಡೆದ. ಪೊಲೀಸರು ಬಂದು ಹೋದ ಮೇಲೆ ಗಿರಾಕಿಗಳು ಒಂದು ನಮೂನೆ ನೋಡುತ್ತಾರೆ, ಕೇಸು ಮುಗಿದ ಮೇಲೆ ಬಾ ಎಂದ. ಇಷ್ಟು ವರ್ಷ ಬಳಸಿದ ತನ್ನ ಪಾನಾಗಳ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಚಂದ್ರಾಮ ಲೋಕಲ್ ಹತ್ತಿದ.

ಆ ಪೆಟ್ಟಿಗೆ ಮನೆಗೆ ಬಂದದ್ದನ್ನು ಗುರುಬಾಯಿ ನೋಡಿದಳು. ಮರುದಿನ ಬೆಳಿಗ್ಗೆ ಎದ್ದು, ಇಳಕಲ್ ಸೀರೆ ಉಟ್ಟು, ಎಲ್ಲಿಗೆ ಎಂದು ಹೇಳದೆ ಹೋದಳು.

ಎಂಟೂವರೆ ಗಂಟೆ; ಹೋಟೆಲ್ ತುಂಬಿತ್ತು. ಆಫೀಸಿಗೆ ಹೋಗುವವರು ನಿಂತು ಇಡ್ಲಿ ತಿನ್ನುತ್ತಿದ್ದರು. ಪೂವಪ್ಪ ಮತ್ತೆ ಗಲ್ಲೆಗೆ ಬಂದು ಕೂತಿದ್ದ. ಗುರುಬಾಯಿ ಅವನ ಮುಂದೆ ಹೋಗಿ ನಿಂತಳು.

"ಅಕ್ಕ, ನೀವಾ? ಬನ್ನಿ, ಒಳಗೆ ಕೂತ್ಕೊಳ್ಳಿ."

"ಒಳಗ ಬ್ಯಾಡ್ರಿ. ಒಂದ ಮಾತ ಕೇಳಾಕ ಬಂದೀನಿ. ನನ್ನ ಗಂಡನ ಹೆಸರೇನ್ರಿ?"

ಪೂವಪ್ಪ ಸುತ್ತ ನೋಡಿದ. "ಅಕ್ಕ, ಇಲ್ಲಿ ಗಿರಾಕಿಗಳುಂಟು."

"ಇರಲಿ. ಇಪ್ಪತ್ತೆರಡ ವರ್ಷ ನಿಮ್ಮಲ್ಲಿ ಚಾ ಕುಡದಾರ. ನೀವು ದವಾಖಾನಿಯಾಗ ಮಲಗಿದಾಗ ನಿಮ್ಮ ಕಾಲ ಒತ್ಯಾರ. ನನ್ನ ಮಗಳ ಮದವ್ಯಾಗ ನೀವು ಅಕ್ಕಿಕಾಳ ಹಾಕೀರಿ. ಪೊಲೀಸರ ಮುಂದ ನೆನಪಾಗಲಿಲ್ಲ, ಈಗರ ಹೇಳ್ರಿ. ಹೆಸರೇನು?"

ಇಡ್ಲಿ ತಿನ್ನುತ್ತಿದ್ದವರ ಕೈ ನಿಂತಿತು. ಕನ್ನಡ ಬಾರದವರಿಗೂ ಏನೋ ನಡೆಯುತ್ತಿದೆ ಎಂದು ಗೊತ್ತಾಯಿತು. ಪೂವಪ್ಪನ ತುಟಿ ಅಲುಗಿತು. "ಚಂದ್ರಾಮ," ಎಂದ, ತನಗೇ ಕೇಳಿಸುವಷ್ಟು.

"ಹಾಂ. ನೆನಪೈತಿ ಹಂಗಾರ," ಎಂದು ಗುರುಬಾಯಿ ಸೆರಗು ಸರಿಮಾಡಿಕೊಂಡು ಹೊರಬಂದಳು. ಮನೆಗೆ ಬಂದು ಗಂಡನಿಗೆ ಇದನ್ನೆಲ್ಲ ಹೇಳಿದಾಗ ಅವನು ಸಿಟ್ಟಾಗಲೂ ಇಲ್ಲ, ಸಂತೋಷಪಡಲೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಾಗ ಅವನು ಅಳುತ್ತಿದ್ದಾನೆಂದು ತಿಳಿಯಿತು.

ಸತ್ಯ ಹೊರಬಿದ್ದದ್ದು ಬಹಳ ಸರಳವಾಗಿ. ಪೂವಪ್ಪ ಎಂಜಿನ್ ತರಲು ಗೊತ್ತುಮಾಡಿದ್ದ ಟೆಂಪೋದವನನ್ನು ಪೊಲೀಸರು ಹುಡುಕಿದರು. ಅವನು ಗುಜರಿ ಅಂಗಡಿ ತೋರಿಸಿದ. ವೈಶಾಲಿ ಮೇಡಂ ಚಂದ್ರಾಮನನ್ನು ಜೀಪಿನಲ್ಲಿ ಕೂರಿಸಿ ಅಲ್ಲಿಗೆ ಕರೆದೊಯ್ದು, "ಇವನೇನಾ?" ಎಂದು ಕೇಳಿದರು. ಗುಜರಿಯವನು ತಲೆ ಅಲ್ಲಾಡಿಸಿದ. ಇವರಲ್ಲ, ಹೋಟೆಲಿನ ಶೇಠ್, ದಪ್ಪ ಕನ್ನಡಕದವರು, ನಾಲ್ಕು ಸಲ ಬಂದಿದ್ದರು, ಬಿಲ್ ಇಲ್ಲದಿದ್ದರೂ ಪರವಾಗಿಲ್ಲ ಎಂದಿದ್ದರು ಎಂದ. ಆ ಸಂಜೆಯೇ ಪೂವಪ್ಪ ಲಾಯರನ ಜೊತೆ ಬಂದು ತನ್ನ ಜಬಾಬ್ ಬದಲಿಸಿದ. ಕೇಸು ಅವನ ಮೇಲೆ ಮತ್ತು ಗುಜರಿಯವನ ಮೇಲೆ ತಿರುಗಿತು. ಜಾಮೀನೂ ಸಿಕ್ಕಿತು. ಹೋಟೆಲ್ ಮುಚ್ಚಲಿಲ್ಲ, ಹೆದರಿದಂಥದ್ದು ಏನೂ ಆಗಲಿಲ್ಲ. ಅದು ಚಂದ್ರಾಮನನ್ನು ಇನ್ನಷ್ಟು ನೋಯಿಸಿತು. ಇಷ್ಟಕ್ಕಾಗಿ, ಎಂದುಕೊಂಡ. ಇಷ್ಟೇ ಇಷ್ಟಕ್ಕಾಗಿ.

ಚಂದ್ರಾಮನಿಗೆ ಮಲಾಡಿನ ಒಂದು ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು. ದಾದರಿನಲ್ಲಿ ಇಳಿದು ಗಾಡಿ ಬದಲಿಸಿ ಹೋಗಬೇಕು. ಹೆಡ್ ಎಂದು ಕರೆಯುವವರಿಲ್ಲ. ಎರಡು ತಿಂಗಳು ಹಾಗೇ ಹೋದ ಮೇಲೆ ವೈಶಾಲಿ ಮೇಡಂ ಫೋನ್ ಮಾಡಿದರು. ಕೋರ್ಟಿನ ಆದೇಶ ಬಂದಿದೆ. ಎಂಜಿನ್ ಬಿಚ್ಚಿ ನಾಸಿಕದವರಿಗೆ ಒಪ್ಪಿಸಬೇಕು. ನಾವು ಕರೆಸಿದ ಮೆಕ್ಯಾನಿಕ್ ನೋಡಿ ತಲೆ ಕೆಡಿಸಿಕೊಂಡು ಹೋದ, ಯಾವುದು ಎಲ್ಲಿ ಕೂತಿದೆ ಎಂದು ಅವನಿಗೆ ತಿಳಿಯಲಿಲ್ಲ. ನೀನು ಬರುತ್ತೀಯಾ?

"ಹೋಗಬ್ಯಾಡ್ರಿ," ಎಂದಳು ಗುರುಬಾಯಿ. "ಅವರ ಕರ್ಮ, ಅವರ ಬಿಚ್ಚಿಸಲಿ."

"ಬ್ಯಾರೇವ್ರು ಒಡೀತಾರ," ಎಂದ ಚಂದ್ರಾಮ. ಅಷ್ಟು ಬಿಟ್ಟು ಬೇರೆ ಕಾರಣ ಅವನಿಗೂ ಗೊತ್ತಿರಲಿಲ್ಲ.

ಠಾಣೆಯ ಹಿಂದಿನ ಜಾಗದಲ್ಲಿ ಜಪ್ತಿಯಾದ ರಿಕ್ಷಾಗಳ ನಡುವೆ ಕಾಂಟೆಸಾ ನಿಂತಿತ್ತು. ಟೈರಿನ ಗಾಳಿ ಹೋಗಿತ್ತು. ಕಪ್ಪು ಮೈ ಮೇಲೆ ಧೂಳು, ಕಾಗೆ ಹಿಕ್ಕೆ. ಮಾಲೀಕನ ಸಹಿ ಬೇಕೆಂದು ಪೂವಪ್ಪನನ್ನೂ ಕರೆಸಿದ್ದರು. ಅವನು ಗೋಡೆಯ ನೆರಳಲ್ಲಿ ನಿಂತಿದ್ದ, ಮೊದಲಿಗಿಂತ ಸೊರಗಿ. ಚಂದ್ರಾಮ ಅವನತ್ತ ಒಮ್ಮೆ ನೋಡಿ, ಅಂಗಿ ಕಳಚಿ, ಬಾನೆಟ್ ಎತ್ತಿದ.

ಬ್ಯಾಟರಿ ತಂತಿ, ರೇಡಿಯೇಟರ್, ಹೋಸು, ಸೈಲೆನ್ಸರ್ ಪೈಪು. ಕೈಗೆ ಎಲ್ಲ ನೆನಪಿತ್ತು. ಆದರೆ ಕಾರಿನಡಿ ಒಬ್ಬನೇ ಮಲಗಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಬೋಲ್ಟ್ ಹುಡುಕುವಾಗ ತಡವಾಗುತ್ತಿತ್ತು. ಪೂವಪ್ಪ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಕೊಡು, ನಾನು ಹಿಡೀತೇನೆ."

"ಬ್ಯಾಡ್ರಿ."

ಪೂವಪ್ಪ ಏಳಲಿಲ್ಲ. "ಹೆದರಿಕೆ ಆಯ್ತು ಚಂದ್ರಾಮ. ಆರ್‌ಟಿಓದಲ್ಲಿ ಪೊಲೀಸು ನನ್ನ ಕೈ ಹಿಡಿದಾಗ ನನಗೆ ಏನೂ ತೋಚಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ಕಾರಿನಡಿ ಒಂದು ಬೋಲ್ಟ್ ಸಡಿಲವಾಗಿ ಕೆಳಗೆ ಬಿತ್ತು.

"ಅವತ್ತ ಹೆದರಿದ್ದು ತಿಳೀತೈತ್ರಿ," ಎಂದ ಚಂದ್ರಾಮ. "ನಾನೂ ಹೆದರೇನಿ. ಆದ್ರ ಎರಡ ದಿನ ಬಿಟ್ಟ ಮನ್ಯಾಗ ಬಾಗಲಾ ಹಾಕಿ, ಕುಂತ ನಿಧಾನ ಮಾತಾಡಿದ್ರಿ. ಆಗ ಪೊಲೀಸರು ಇರಲಿಲ್ಲ. ನಾನು ಒಬ್ಬನ ಇದ್ದೆ."

ಪೂವಪ್ಪ ಎದ್ದು ಮತ್ತೆ ಗೋಡೆಯ ನೆರಳಿಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಚೈನಿನಲ್ಲಿ ತೂಗಾಡಿತು. ಇಬ್ಬರು ಪೇದೆಗಳು ಕಾರನ್ನು ಹಿಂದಕ್ಕೆ ತಳ್ಳಿದರು. ಚಂದ್ರಾಮ ಎಂಜಿನ್ನನ್ನು ಹಳೆಯ ಟೈರಿನ ಮೇಲೆ ನಿಧಾನವಾಗಿ ಇಳಿಸಿದ. ನಂಬರ್ ಇದ್ದದ್ದು ಎಂಜಿನ್ನಿಗೆ ಮಾತ್ರವಾದ್ದರಿಂದ ಗೇರ್‌ಬಾಕ್ಸ್ ಕಾರಿನಲ್ಲೇ ಉಳಿಯಿತು. ಅದರ ಬಾಯಿ ತೆರೆದಿತ್ತು. ಚಂದ್ರಾಮ ತನ್ನ ಕೈ ಒರೆಸುವ ಬಟ್ಟೆಯನ್ನು ಅದಕ್ಕೆ ಮುಚ್ಚಿ, ಮಳೆನೀರು, ಧೂಳು ಹೋಗದಂತೆ ಸುತ್ತ ತಂತಿ ಬಿಗಿದ. ಆ ಕಾರು ಇನ್ನು ಓಡುತ್ತದೆ ಎಂಬ ಭರವಸೆ ಅಲ್ಲಿದ್ದ ಯಾರಿಗೂ ಇರಲಿಲ್ಲ. ಪೂವಪ್ಪ ಅದನ್ನು ನೋಡುತ್ತ ನಿಂತು, ಕನ್ನಡಕ ತೆಗೆದು ಮುಖ ಒರೆಸಿಕೊಂಡ.

"ಹಳೇ ಎಂಜಿನ್ ಮನೆಯಲ್ಲೇ ಉಂಟು," ಎಂದ. "ಕೇಸು ಮುಗಿದ ಮೇಲೆ... ನಾವಿಬ್ಬರೂ ಸೇರಿ ಮತ್ತೆ..."

"ಮೆಕ್ಯಾನಿಕ್ ಬಾಳ ಮಂದಿ ಅದಾರ್ರಿ ಮುಂಬೈದಾಗ," ಎಂದ ಚಂದ್ರಾಮ. ಅವನ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಪಂಚನಾಮೆಯ ಕೆಳಗೆ ಮೇಡಂ ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ನಲ್ಲಿಯಲ್ಲಿ ಕೈ ತೊಳೆದು ಅಂಗಿ ತೊಟ್ಟು ಹೊರಟ.

ಆಮೇಲೆ ಪೂವಪ್ಪನ ಫೋನ್ ಮೂರು ನಾಲ್ಕು ಸಲ ಬಂತು. ಒಮ್ಮೆ ಚಂದ್ರಾಮ ಮಲಾಡಿನಿಂದ ಬರುವ ಲೋಕಲ್ಲಿನಲ್ಲಿ ಬಾಗಿಲ ಬಳಿ ನಿಂತಿದ್ದ. ಜೇಬಿನಲ್ಲಿ ಫೋನ್ ನಡುಗಿತು. ತೆಗೆದು ಹೆಸರು ನೋಡಿದ. ಕೈ ತಾನಾಗಿ ಎತ್ತಲು ಹೋಯಿತು. ಎತ್ತಿ ಏನು ಮಾತಾಡುವುದೆಂದು ಯೋಚಿಸುವಷ್ಟರಲ್ಲಿ ಗಾಡಿ ಅಂಧೇರಿಗೆ ಬಂತು, ಜನ ನುಗ್ಗಿದರು. ಅವನು ಫೋನನ್ನು ಜೇಬಿಗೆ ಹಾಕಿ ಒಳಗೆ ಸರಿದು ಜಾಗ ಮಾಡಿಕೊಟ್ಟ.